ಅತ್ತಿ ಹೆಸರಿನ ಮಗಳು

ನನ್ನ ಹೆಸರು ತಿಪ್ಪವ್ವ. ನಗೂದಿದ್ರ ಈಗ ನಕ್ಕುಬಿಡ್ರಿ, ಮುಂದ ಹೇಳೂದು ಭಾಳ ಐತಿ. ತಿಪ್ಪಿ ಅಂದ್ರ ನಿಮಗ ಗೊತ್ತು: ಹಿತ್ತಲದಾಗ ಸಗಣಿ, ಕಸ, ಒಲಿ ಬೂದಿ ಎಲ್ಲಾ ಒಟ್ಟೋ ಜಾಗ. ಅವ್ವ ಅಂದ್ರ ಅವ್ವ. ಎರಡೂ ಕೂಡಿಸಿದ್ರ ನಾನು. ಹುಟ್ಟಿದ ಕೂಸಿಗೆ ಇಂಥಾ ಹೆಸರಿಡಾಕ ನಮ್ಮಪ್ಪಗೇನು ತಲಿ ಕೆಟ್ಟಿರಲಿಲ್ಲ. ಅವನ ಅವ್ವನ ಹೆಸರು ತಿಪ್ಪವ್ವ. ಆಕಿ ತೀರಿಕೊಂಡು ಮೂರು ತಿಂಗಳಿಗೆ ನಾನು ಹುಟ್ಟಿದೆ, ಮುಗೀತು. ದೊಡವಾಡದಾಗ ಇದಕ್ಕಿಂತ ಹೆಚ್ಚಿನ ಪುರಾವೆ ಯಾರೂ ಕೇಳೂದಿಲ್ಲ. ಅದರ ಮ್ಯಾಲೆ ನನ್ನ ಎಡಗಿವಿ ಹಿಂದ ಒಂದು ಮಚ್ಚಿ ಇತ್ತು. ಆಯಿಗೆ, ಅಂದ್ರ ಅಪ್ಪನ ಅವ್ವಗ, ಅದು ಬಲಗಿವಿ ಹಿಂದ ಇತ್ತಂತ. ಹೋಗಿ ತಿರುಗಿ ಬರೂದರಾಗ ಮಗ್ಗಲು ಬದಲಾಗೂದು ಸಹಜ ಅಂತ ಓಣಿ ಹೆಂಗಸರು ತೀರ್ಮಾನ ಕೊಟ್ಟರು.

ತೊಟ್ಟಿಲಕ್ಕ ಹಾಕಿದ ದಿನ ಸೋದರತ್ತಿ ನನ್ನ ಕಿವ್ಯಾಗ ತನ್ನ ಅವ್ವನ ಹೆಸರು ಹೇಳಿ, ಸುತ್ತ ಕುಂತಾವ್ರ ಕಡಿಂದ ಬೆನ್ನಿಗೆ ಗುದ್ದಿಸಿಕೊಂಡು, ಗಳಗಳ ಅತ್ತಳಂತ. "ನಮ್ಮವ್ವ ಹುಟ್ಟಿ ಬಂದ್ಲು" ಅಂತ ನಮ್ಮಪ್ಪ ಊರಿಗೆಲ್ಲಾ ಸಕ್ಕರಿ ಹಂಚಿದ. ಎಲ್ಲಾರಿಗೂ ಖುಷಿ, ಒಬ್ಬಾಕಿಗೆ ಬಿಟ್ಟು. ಆ ಒಬ್ಬಾಕಿ ನಮ್ಮವ್ವ. ಏಳು ವರ್ಷ ಆ ಅತ್ತಿ ಕೈಯಾಗ ಬಾಳೇವು ಮಾಡಿದಾಕಿ. ರೊಟ್ಟಿ ಅಂಚು ದಪ್ಪಾದ್ರ ಒಂದು ಮಾತು, ತೆಳ್ಳಗಾದ್ರ ಎರಡು ಮಾತು, ಸರಿಯಾಗಿದ್ರ "ಇವತ್ತೇನು ಸೂರ್ಯ ಪಡುವಣಕ್ಕ ಹುಟ್ಯಾನೇನ" ಅಂತ ಮೂರನೇ ಮಾತು. ಅತ್ತಿ ತೀರಿಕೊಂಡ ಮ್ಯಾಲೆ ನಮ್ಮವ್ವ ಬರೋಬ್ಬರಿ ಮೂರು ತಿಂಗಳು ಆರಾಮ ಉಸಿರು ಬಿಟ್ಟಿದ್ದಳು. ಅಷ್ಟರಾಗ ಅತ್ತಿ ಆಕಿ ಹೊಟ್ಟ್ಯಾಗಿಂದನ ವಾಪಸ್ ಬಂದ್ಲು.

ನಮ್ಮ ಕಡೆ ಸೊಸಿ ಆದಾಕಿ ಅತ್ತಿ ಹೆಸರು ಬಾಯಾಗ ತಗೊಳ್ಳಾಂಗಿಲ್ಲ. ಅತ್ತಿ ಇದ್ರೂ ಇಲ್ಲ, ಸತ್ತರೂ ಇಲ್ಲ. ಹೆಸರಷ್ಟ ಅಲ್ಲ, ಹೆಸರಿನ ವಾಸನಿ ಇರೋ ಮಾತೂ ಆಡಾಂಗಿಲ್ಲ. ಹಿಂಗಾಗಿ ನಮ್ಮವ್ವಗ ತಿಪ್ಪಿಗೆ ತಿಪ್ಪಿ ಅನ್ನಾಕ ಬರತಿರಲಿಲ್ಲ. ಮುಂಜಾನೆ ದನದ ಸಗಣಿ ಬಳಿದು ಬುಟ್ಟಿ ತುಂಬಿದಾಗ ನನ್ನ ತಂಗಿಗೆ, "ಲೇ, ಇದನ್ನೊಯ್ದು ಅತ್ತಿಯವರ ಹೆಸರಿನ ಮ್ಯಾಲೆ ಚೆಲ್ಲಿ ಬಾ" ಅಂತಿದ್ಲು. ದಿನಕ್ಕೊಂದು ಬುಟ್ಟಿ ಸಗಣಿ, ಅತ್ತಿಯವರ ಹೆಸರಿನ ಮ್ಯಾಲೆ. ಇಷ್ಟು ಮರ್ಯಾದಿ ಕೊಟ್ಟು ಇಷ್ಟು ಸೇಡು ತೀರಿಸಿಕೊಂಡ ಸೊಸಿ ನಮ್ಮ ಜಿಲ್ಲಾದಾಗ ಇನ್ನೊಬ್ಬಾಕಿ ಇರಲಿಕ್ಕಿಲ್ಲ. ಅದರಾಗಿನ ತಮಾಷಿ ಆಕಿಗೆ ತಿಳೀತಿತ್ತೋ ಇಲ್ಲೋ, ನನಗ ಇವತ್ತಿಗೂ ಗೊತ್ತಿಲ್ಲ. ಮಾರಿ ಮಾತ್ರ ಗಂಭೀರ ಇರತಿತ್ತು.

ತಿಪ್ಪಿಗೇನೋ ಅಡ್ಡಹೆಸರು ಸಿಕ್ಕಿತು. ನನಗೇನು ಮಾಡಬೇಕು? ಅವ್ವ ನನ್ನ "ಅವ್ವಾರ" ಅಂತ ಕರೀತಿದ್ಲು. ಹೆಸರಿಗೆ ಮರ್ಯಾದಿ ಕೊಟ್ಟ ಮ್ಯಾಲೆ ಮಾತಿಗೂ ಕೊಡಬೇಕಲ್ಲ. "ಅವ್ವಾರ, ಏಳ್ರಿ, ಸಾಲಿಗೆ ಹೊತ್ತಾತು." "ಅವ್ವಾರ, ಸಿಂಬಳ ಒರಿಸಿಕೊಳ್ರಿ." ಎಪ್ಪತ್ತನೇ ಇಸವಿ ಸುಮಾರಿಗೆ, ನಾನು ನಾಲ್ಕನೆಯ ಇಯತ್ತೆ ಇದ್ದಾಗ, ನನ್ನ ತಲ್ಯಾಗಿನ ಹೇನು ತೆಗೀತಾ "ಸ್ವಲ್ಪ ತಲಿ ಬಗ್ಗಸ್ತೀರೇನ್ರಿ" ಅಂತ ನಮ್ಮವ್ವ ಕೇಳಿದ್ದು ಕೇಳಿ, ಮನಿಗೆ ಬಂದಿದ್ದ ಬಳಿಗಾರ ಮುದುಕ ಬಳಿ ಹೊರಿ ಕೆಳಗಿಟ್ಟು ನಕ್ಕಿದ್ದ. ನನ್ನ ತಂಗಿಗೆ ಮಾತ್ರ "ಲೇ ಕತ್ತಿ, ಕತ್ತಿ ಒದರಿದಂಗ ಒದರಬ್ಯಾಡ", "ಏ ಹುಚ್ಚಿ", ಬೆನ್ನ ಮ್ಯಾಲೆ ಎರಡು ಏಟು, ಆಮ್ಯಾಲೆ ಅಳಬ್ಯಾಡ ಅಂತ ತೊಡಿ ಮ್ಯಾಲೆ ಹಾಕ್ಕೊಂಡು ಬೆಲ್ಲದ ಚೂರು. ನನಗ ಏಟೂ ಇಲ್ಲ, ತೊಡೀನೂ ಇಲ್ಲ. ಅತ್ತಿನ್ನ ಯಾರು ತೊಡಿ ಮ್ಯಾಲೆ ಹಾಕ್ಕೋತಾರ್ರಿ?

ನಮ್ಮಪ್ಪಂದು ಮತ್ತೊಂದು ನಮೂನಿ. ಅವಗ ನಾನು ಖರೇನ ಅವನ ಅವ್ವ. ಬೈಲಹೊಂಗಲದ ದನದ ಸಂತ್ಯಾಗ ಎರಡು ಎತ್ತಿನ ನಡುವ ನಿಂತು, ಒಂಬತ್ತು ವರ್ಷದ ನನ್ನ ಕಡೆ ತಿರುಗಿ, "ಅವ್ವಾ, ಯಾವುದು ತಗೊಳ್ಳಲಿ?" ಅಂತ ಕೇಳಿದ. ಬಿಳೀದು ಚಂದ ಕಂಡಿತು, ಬಿಳೀದು ಅಂದೆ. ಆ ಬಿಳಿ ಎತ್ತು ಅರ್ಧ ಎಕರೆ ಉತ್ತ ಮ್ಯಾಲೆ ನೆಗಿಲ ಸಾಲಿನಾಗ ಮಲಕೊಂಡು ಬಿಡತಿತ್ತು. ಬಾಲ ತಿರುವಿದ್ರೂ ಏಳೂದಿಲ್ಲ. ಮೂರು ವರ್ಷ ನಮ್ಮಪ್ಪ ಅದಕ್ಕ ಹೊಟ್ಟು ಹಾಕಿದ, ಮಾರಲಿಲ್ಲ. "ಅವ್ವ ಹೇಳ್ಯಾಳ ಅಂದ್ರ ಅದರಾಗೇನೋ ಇರತೈತಿ" ಅಂತಿದ್ದ. ಅದರಾಗ ಹೊಟ್ಟಿತ್ತು, ಇನ್ನೇನೂ ಇರಲಿಲ್ಲ.

ಇದರಾಗ ನಿಮಗ ನಗು ಬರಬಹುದು, ನನಗೂ ಈಗ ಬರತೈತಿ. ಆದ್ರ ಆಗ ನನಗ ಬೇಕಾದ್ದು ಒಂದ ಇತ್ತು. ನಮ್ಮವ್ವ ನನ್ನ ಹೆಸರು ಹಿಡಿದು ಒಮ್ಮೆ ಕರೀಬೇಕು. ಬಾಯಿ ತುಂಬ ಬೈದರೂ ನಡೀತೈತಿ, ಹೆಸರು ಹಿಡಿದು, ನೀನು ಅಂತ. ಒಂದು ದಿನ ಬೇಕಂತ ಹಾಲಿನ ಗಡಗಿ ಒಡೆದೆ. ಹಾಲು ಅಡಗಿಮನಿ ತುಂಬ ಹರಿದು ಹೊಸ್ತಿಲು ದಾಟಿತು. ಕಣ್ಣು ಮುಚ್ಚಿ ನಿಂತೆ. "ಹೋಗಲಿ ಬಿಡ್ರಿ, ಹಳೇ ಗಡಗಿ ಇತ್ತು" ಅಂದ್ಲು ಅವ್ವ. ಆಮ್ಯಾಲೆ ಹೊರಗ ಹೋಗಿ, ಕುಂಟಲಪಿ ಆಡತಿದ್ದ ನನ್ನ ತಂಗಿಗೆ ಎರಡು ಬಾರಿಸಿ ಬಂದ್ಲು. ಪಾಪ, ಅದಕ್ಕ ಯಾಕ ಬಿತ್ತು ಅಂತನೂ ತಿಳೀಲಿಲ್ಲ. ನಾನು ಗೋಡಿ ಕಡೆ ಮಾರಿ ಮಾಡಿ ಅತ್ತೆ. ನನ್ನ ತಂಗಿ ಮ್ಯಾಲೆ ಅಷ್ಟು ಹೊಟ್ಟಿಕಿಚ್ಚು ನನಗ ಮತ್ತೆಂದೂ ಆಗಿಲ್ಲ.

ಮುಂದ ಬೈಲಹೊಂಗಲದ ಹೈಸ್ಕೂಲಿಗೆ ಬಸ್ಸಿನಾಗ ಹೋಗಾಕ ಹತ್ತಿದೆ. ಅಲ್ಲಿ ಕನ್ನಡ ಕಲಿಸೋ ಮಾಸ್ತರೊಬ್ಬರು ಇದ್ದರು. ಬ್ಯಾಸಿಗ್ಯಾಗೂ ಕೋಟು ತೆಗೀತಿರಲಿಲ್ಲ, ಮಾತಿನಾಗ ಸಂಸ್ಕೃತಾನೂ ಬಿಡತಿರಲಿಲ್ಲ. ಒಂದು ದಿನ ಎಲ್ಲಾರೂ ತಮ್ಮ ತಮ್ಮ ಹೆಸರಿನ ಅರ್ಥ ಮತ್ತ ಮೂಲ ಬರಕೊಂಡು ಬರ್ರಿ ಅಂದರು. ಕಮಲಾ ಎದ್ದು ತಾವರಿ ಅಂದ್ಲು. ಸುಶೀಲಾ ಎದ್ದು ಒಳ್ಳೇ ನಡತಿಯಾಕಿ ಅಂದ್ಲು, ಅದನ್ನೂ ಪಕ್ಕದಾಕಿ ವಹಿ ನೋಡಿ ಓದಿದ್ಲು. ನನ್ನ ಪಾಳಿ ಬಂದಾಗ ಇಡೀ ವರ್ಗ ಮೂಗು ಮುಚ್ಚಿಕೊಂಡಿತು. ನಾನು ಎದ್ದು ನಿಂತು, "ತಿಪ್ಪಿ ಅಂದ್ರ ತಿಪ್ಪಿರಿ ಸರ್" ಅಂದೆ.

ಮಾಸ್ತರಿಗೆ ನನ್ನ ಮ್ಯಾಲೆ ಕನಿಕರ ಬಂತು. ನನಗ ಸೇರದಿದ್ದದ್ದು ಅದ. "ಕುಂತ್ಕೋ ತಂಗಿ, ನಿನಗ ಗೊತ್ತಿಲ್ಲ" ಅಂತ ಕರಿಹಲಗಿ ಕಡೆ ತಿರುಗಿ, ತ್ರಿಪುರಾಂಬಿಕೆ ಅಂತ ಬರೆದರು. ಅಲ್ಲಿಂದ ಒಂದು ಗೀಟು ಎಳೆದು ತಿಪುರಾಂಬೆ, ಮತ್ತೊಂದು ಗೀಟು ಎಳೆದು ತಿಪ್ಪಾಂಬೆ, ಕಡೀಕ ತಿಪ್ಪವ್ವ. ಮೂರು ಗೀಟಿನಾಗ ನನ್ನ ತಿಪ್ಪ್ಯಾಗಿಂದ ಎತ್ತಿ ಕೈಲಾಸಕ್ಕ ಒಯ್ದು ಕುಂದರಿಸಿದರು. ಸಗಣಿ ಒಂದು ಚೂರೂ ಉಳೀಲಿಲ್ಲ. ವರ್ಗಕ್ಕ ವರ್ಗ ನನ್ನ ಕಡೆ ಕೈ ಮುಗಿಯೂ ಹಂಗ ನೋಡಿತು. ಬಸ್ಸಿನಾಗ ದೊಡವಾಡ ಬರೂ ತನಕ ನಾನು ಯಾರ ಜೋಡೀನೂ ಮಾತಾಡಲಿಲ್ಲ, ಅಷ್ಟು ಸೊಕ್ಕು. ಮನಿಗೆ ಬಂದು ಹೇಳಿದ್ರ ನಮ್ಮಪ್ಪ ಸಿಟ್ಟಿಗೆದ್ದ. "ನಮ್ಮವ್ವ ಎಲ್ಲಿ ಹುಟ್ಟಿದ್ಲು ಅಂತ ಆ ಮಾಸ್ತರಗೇನು ಗೊತ್ತು? ಮನೋಳಿಗೆ ಹೋಗಿ ಕೇಳು ಅನ್ನು."

ಮಾಸ್ತರು ಎಲ್ಲಿ ಹೋಗತಾರ, ನಾನ ಹೋದೆ. ಮನೋಳಿ ಆಯಿಯ ತವರುಮನಿ, ಅಲ್ಲಿ ಯಾವುದೋ ಕೂಸಿನ ತೊಟ್ಟಿಲ ಇತ್ತು, ಅವ್ವ ನನ್ನ ಕರಕೊಂಡು ಹೊಂಟಿದ್ಲು. ಆ ಮನ್ಯಾಗ ಆಯಿಯ ದೊಡ್ಡಪ್ಪನ ಮಗಳು ಇನ್ನೂ ಇದ್ದಳು. ಆಯಿಗಿಂತ ಎಂಟು ವರ್ಷ ದೊಡ್ಡಾಕಿ, ಬಾಯಾಗ ಒಂದೂ ಹಲ್ಲಿಲ್ಲ, ನೆನಪು ಮಾತ್ರ ಕಲ್ಲು. ನನ್ನ ಹೆಸರು ಕೇಳಿದ್ದ ತಡ ಗದ್ದ ಹಿಡಿದು, "ಬಂದ್ಯಾ ತಿಪ್ಪಿ" ಅಂದ್ಲು. ಹೊಳಿ ಕಡೆ ಇರೋ ಕಟ್ಟಿ ಮ್ಯಾಲೆ ಕುಂತು ಆಕಿ ಹೇಳಿದ್ದು ಹಿಂಗ.

ಆಯಿಯ ಅವ್ವಗ ಮೊದಲು ನಾಲ್ಕು ಕೂಸು ಹುಟ್ಟಿದ್ದುವು. ನಾಲ್ಕೂ ವರ್ಷ ತುಂಬೂದರಾಗ ಹೋದುವು. ಐದನೇದು ಆಯಿ. ಹುಟ್ಟಿದ ಕೂಡಲೇ ಸೂಲಗಿತ್ತಿ ಆ ಕೂಸಿನ್ನ ಜೋಳ ಕೇರೋ ಮರದಾಗ ಹಾಕಿ, ಮ್ಯಾಲೊಂದು ಹರಕ ಅರಿವಿ ಮುಚ್ಚಿ, ಹಿತ್ತಲ ಬಾಗಿಲಿಲೆ ಒಯ್ದು ತಿಪ್ಪಿ ಮ್ಯಾಲೆ ಇಟ್ಟಳು. ಇದು ಬ್ಯಾಡಾದ ಕಸ, ನಿನಗ್ಯಾಕ ಬೇಕು ಅಂತ ಜವರಾಯಗ ತೋರಸಾಕ. ಆಮ್ಯಾಲೆ ಪಕ್ಕದ ಮನಿ ಮುದುಕಿ ಏನೂ ಗೊತ್ತಿಲ್ಲದಾಕಿ ಹಂಗ ಆ ಮರ ಎತ್ತಿಕೊಂಡು, "ಯಾರದೋ ಕಸದಾಗ ಇದೊಂದು ಸಿಕ್ಕಿತು, ಬೇಕೇನ್ರಬೇ" ಅಂತ ಮುಂಬಾಗಿಲಿಗೆ ಬಂದು ಕೂಗಿದ್ಲು. ಒಳಗ ಹಡದಾಕಿ ಒಂದು ಬೊಗಸಿ ತೌಡು ಕೊಟ್ಟು ತನ್ನ ಮಗಳ್ನ ತಾನ ತಗೊಂಡ್ಲು. ಊರಿಗೆ ಊರ ಈ ನಾಟಕ ಮಾಡಿ ಜವರಾಯಗ ಟೋಪಿ ಹಾಕಿತು.

ಇಷ್ಟು ಕೇಳಿ ನಾನು ನಕ್ಕೆ. ಮುದುಕಿ ನಗಲಿಲ್ಲ. "ನಾಟಕ ಅಲ್ಲಿಗೆ ಮುಗೀಲಿಲ್ಲವ್ವ. ತೌಡಿಗೆ ತಂದಾಕಿನ್ನ ಮುದ್ದು ಮಾಡಿದ್ರ ಜವರಾಯಗ ಗೊತ್ತಾಕ್ಕೈತಲ್ಲ. ಆಕಿ ಅವ್ವ ಆಕಿನ್ನ ಮಂದಿ ಮುಂದ ಎಂದೂ ಎತ್ತಿಕೊಳ್ಳಲಿಲ್ಲ. ಕೂಗಬೇಕಾದ್ರ ಏ ಕಸಾ ಅಂತಿದ್ಲು. ಮದುವ್ಯಾಗಿ ದೊಡವಾಡಕ್ಕ ಹೋಗೂ ದಿನಾನೂ ಅವ್ವ ಎಲ್ಲಾರ್ನೂ ತಬ್ಬಿಕೊಂಡು ಅತ್ತಳು, ಮಗಳ್ನ ಬಿಟ್ಟು. ನಾನ ನೋಡೇನಿ. ಬದುಕಿದ್ಲು ಬಿಡು, ಅರವತ್ತು ವರ್ಷ ಗಟ್ಟಿ ಬದುಕಿದ್ಲು."

ನಮ್ಮವ್ವ ಪಕ್ಕದಾಗ ಕುಂತು ಅಕ್ಕಿ ಹಸನ ಮಾಡಾಕ ಹತ್ತಿದ್ಲು. ಮುದುಕಿ ಮಾತು ಮುಗಿಯೂ ಹೊತ್ತಿಗೆ ಆಕಿ ಕೈ ನಿಂತಿತ್ತು.

ತಿರುಗಿ ಬರೂ ಮುಂದ ಸವದತ್ತಿ ಸ್ಟ್ಯಾಂಡಿನಾಗ ಬಸ್ಸು ಭಾಳ ಹೊತ್ತು ನಿಂತಿತು. ಡ್ರೈವರ್ ಚಹಾ ಕುಡಿಯಾಕ ಹೋದಾವ ಊಟಾನೂ ಮಾಡಿರಬೇಕು. ನಾನು ಅವ್ವನ ತೋಳು ಹಿಡಿದು, "ಬೇ, ಒಮ್ಮೆ ನನ್ನ ಹೆಸರು ಹಿಡಿದು ಕರಿಯಬೇ. ಇಲ್ಲೆ ನಮ್ಮ ಊರಾವ್ರು ಯಾರೂ ಇಲ್ಲ" ಅಂದೆ. ಅವ್ವ ಬಾಯಿ ತೆಗೆದ್ಲು. ಪ್ರಯತ್ನ ಮಾಡಿದ್ಲು, ಸುಳ್ಳು ಹೇಳಬಾರದು. ತುಟಿ ಅಲುಗಿತು. ಆಮ್ಯಾಲೆ ಸೆರಗಿಲೆ ಬಾಯಿ ಮುಚ್ಚಿಕೊಂಡು, "ಆಗೂದಿಲ್ರಿ ಅವ್ವಾರ. ಆ ಹೆಸರು ನಾಲಿಗಿಗೆ ಬಂದ್ರ ಅತ್ತಿಯವರು ಎದುರಿಗೆ ಬಂದು ನಿಂತಂಗ ಆಕ್ಕೈತ್ರಿ. ಕೈಯಾಗಿನ ರೊಟ್ಟಿ ಸುಡತೈತ್ರಿ" ಅಂದ್ಲು. ನನಗ ಸಿಟ್ಟು ಬಂತು. ದೊಡವಾಡದ ತನಕ ಕಿಟಕಿ ಕಡೆ ಮಾರಿ ಮಾಡಿ ಕುಂತೆ.

ಆ ಸಿಟ್ಟು ತೀರಿಸಿಕೊಂಡದ್ದು ಮಾಸ್ತರ ಮ್ಯಾಲೆ. ಮರುದಿನ ವರ್ಗದಾಗ ಎದ್ದು ನಿಂತು ಸೂಲಗಿತ್ತಿ, ಮರ, ಹರಕ ಅರಿವಿ, ತೌಡು ಎಲ್ಲಾ ಹೇಳಿದೆ. ನನ್ನ ಹೆಸರು ತಿಪ್ಪಿಯಿಂದನ ಬಂದೈತಿ, ಕೈಲಾಸದಿಂದ ಬಂದಿಲ್ಲ, ಮತ್ತ ತಿಪ್ಪಿ ಇರದಿದ್ರ ನಮ್ಮಪ್ಪ ಇಲ್ಲ, ನಾನೂ ಇಲ್ಲ ಅಂದೆ. ಮಾಸ್ತರು ಕೋಟಿನ ಗುಂಡಿ ಹಾಕಿಕೊಂಡರು. "ಅದು ಗ್ರಾಮ್ಯರ ಕಲ್ಪನೆ. ಪರೀಕ್ಷಾದಾಗ ತ್ರಿಪುರಾಂಬಿಕೆ ಅಂತನ ಬರಿ" ಅಂದರು. ಪರೀಕ್ಷಾದಾಗ ಆ ಪ್ರಶ್ನಿ ಬರಲೂ ಇಲ್ಲ. ಆವತ್ತಿನಿಂದ ಮಾತ್ರ ನನಗ ಆ ಹೆಸರಿನ ಮ್ಯಾಲೆ ಒಂದು ನಮೂನಿ ಹಟ ಹುಟ್ಟಿತು. ಯಾರರೆ ಮೂಗು ಮುಚ್ಚಿಕೊಂಡ್ರ ಅವರ ಮುಂದ ಹೋಗಿ ನಿಂದರತಿದ್ದೆ.

ಹದಿನೆಂಟಕ್ಕ ನನ್ನ ನೋಡಾಕ ಸುರೇಬಾನದಿಂದ ಮಂದಿ ಬಂದರು. ಹುಡುಗ ರಾಮದುರ್ಗದಾಗ ಸೈಕಲ್ ಅಂಗಡಿ ಇಟ್ಟಿದ್ದ, ಮಾತು ಕಡಿಮಿ. ಎಲ್ಲಾ ಮಾತು ಅವನ ಅವ್ವ ಗುತ್ತಿಗಿ ಹಿಡಿದಿದ್ಲು. "ಹುಡುಗಿ ಹೆಸರೇನ್ರಿ?" ಅಂತ ನಮ್ಮವ್ವನ್ನ ಕೇಳಿದ್ಲು. ಅವ್ವ ಸುಮ್ಮನ ತಂಗಿ ಕಡೆ ನೋಡಿದ್ಲು. ಬೀಗರಿಗೆ ಅನುಮಾನ ಬಂತು, ಹಡದಾಕಿಗೆ ಮಗಳ ಹೆಸರು ಗೊತ್ತಿಲ್ಲೇನು ಅಂತ. ತಂಗಿ ಹೇಳಿದ್ಲು. ನನ್ನ ಅತ್ತಿ ಆಗೂ ಹೆಣ್ಮಗಳು ಕೈಯಾಗಿನ ಅವಲಕ್ಕಿ ತಾಟು ಕೆಳಗಿಟ್ಟು, "ಇರಲಿ ಬಿಡ್ರಿ, ಹೆಂಗೂ ನಮ್ಮ ಮನ್ಯಾಗ ಹೆಸರು ಬದಲ ಮಾಡತೇವಿ" ಅಂದ್ಲು. ಸೊಸಿ ಹೊಸ್ತಿಲು ದಾಟೂ ದಿನ ಪರಾತದಾಗ ಅಕ್ಕಿ ಹರವಿ, ಅರಿಶಿಣ ಕೊಂಬಿಲೆ ಹೊಸ ಹೆಸರು ಬರಸೂದು ಅವರ ಮನಿ ರೂಢಿ. ಹೆಸರೂ ಆಗಲೇ ಆರಿಸಿ ಇಟ್ಟಿದ್ಲು: ಶೋಭಾ. ಆ ವರ್ಷ ಅವರ ಓಣಿಗೆ ಬಂದ ಮೂರು ಸೊಸೆಂದರೂ ಶೋಭಾನ. ಶೋಭಾ ಅಂತ ಒಮ್ಮೆ ಕೂಗಿದ್ರ ನಾಲ್ಕು ಮನಿ ಕದ ತೆರೀತಿದ್ದುವು ಅಂತ ಆಮ್ಯಾಲೆ ನಾನ ಕಂಡೆ.

ಬೀಗರು ಹೋದ ಮ್ಯಾಲೆ ನಾನು ಹೇಳಿದೆ, ಮದುವಿ ಆಗತೇನಿ, ಹೆಸರು ಬಿಡೂದಿಲ್ಲ. ನಮ್ಮಪ್ಪನೂ ನನ್ನ ಕಡೇನ ನಿಂತ. "ನಮ್ಮವ್ವನ ಹೆಸರು ಅಳಿಸಾಕ ಅವರ್ಯಾರು? ಅಕ್ಕಿ ಮ್ಯಾಲೆ ಬರೆಯೂ ಹೊತ್ತಿಗೆ ನಾ ನೋಡ್ಕೋತೇನಿ." ಅವ್ವ ಒಲಿ ಮುಂದ ಇದ್ದಳು. ಆಕಿನ್ನ ಯಾರೂ ಕೇಳಲಿಲ್ಲ, ಕೇಳೂ ರೂಢಿನೂ ಇರಲಿಲ್ಲ.

ಮದುವಿ ಸುರೇಬಾನದಾಗ ಗಂಡಿನ ಮನಿ ಮುಂದನ ಆತು. ಲಾರ್‍ಯಾಗ ನಮ್ಮ ಅರ್ಧ ದೊಡವಾಡ ಬಂದಿತ್ತು. ಅಕ್ಕಿಕಾಳು ಬಿದ್ದ ಮ್ಯಾಲೆ ನನ್ನ ಒಳಗ ಕರಕೊಂಡು ಹೋಗಿ ಪರಾತದ ಮುಂದ ಕುಂದರಿಸಿದರು. ಅತ್ತಿ ಅರಿಶಿಣ ಕೊಂಬು ನನ್ನ ಕೈಯಾಗ ಇಟ್ಟು, "ಬರಿ, ಶೋಭಾ" ಅಂದ್ಲು. ನಾನು ಕೊಂಬು ಕೆಳಗಿಟ್ಟೆ. "ನನ್ನ ಹೆಸರು ತಿಪ್ಪವ್ವ. ಅದನ್ನ ಬರೆಯೂದಾದ್ರ ಬರಿತೇನಿ" ಅಂದೆ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಮ್ಮಪ್ಪ ಬಾಗಿಲದಾಗ ಬಂದು ನಿಂತ, ತಲಿ ಮ್ಯಾಲಿನ ಪಟಗಾ ಸರಿ ಮಾಡಿಕೊಂಡ. ಮದುವಿ ಮಾಡಿಸಿದ ಅಯ್ಯನವರು ಅತ್ಲಾಗ ಇತ್ಲಾಗ ನೋಡಿ, ಹೆಣ್ಣಿನ ಅವ್ವ ಏನಂತಾರ ಕೇಳ್ರಿ ಅಂತ ಜಾರಿಕೊಂಡರು.

ಎಲ್ಲಾರೂ ನಮ್ಮವ್ವನ ಕಡೆ ನೋಡಿದರು. ನಾನೂ ನೋಡಿದೆ. ನನ್ನ ಹೆಸರು ಉಳಿಸಾಕ ಆಕಿ ಇವತ್ತರೆ ಆ ಹೆಸರು ತಗೋತಾಳ, ತಗೊಂಡ ತಗೋತಾಳ ಅಂತ ನನಗ ಖಾತ್ರಿ ಇತ್ತು. ಅವ್ವ ಕೈ ಒರಿಸಿಕೊಂಡು ಮುಂದ ಬಂದ್ಲು.

"ಬದಲ ಮಾಡ್ರಿ" ಅಂದ್ಲು.

ನಮ್ಮಪ್ಪ, "ಏನಂದಿ?" ಅಂದ.

ಅವ್ವ ಅವನ ಕಡೆ ನೋಡಲಿಲ್ಲ. ನನ್ನ ಎದುರಿಗೆ ಕುಕ್ಕರಗಾಲಿಲೆ ಕುಂತ್ಲು. "ಶೋಭಾ" ಅಂದ್ಲು, ಮೆತ್ತಗ, ಬಿಸಿ ಅನ್ನ ನಾಲಿಗಿಗೆ ತಾಗಿಸಿ ನೋಡಿದಂಗ. ಏನೂ ಆಗಲಿಲ್ಲ. ಯಾರೂ ಎದುರಿಗೆ ಬಂದು ನಿಲ್ಲಲಿಲ್ಲ. "ಶೋಭಾ" ಅಂದ್ಲು ಮತ್ತ, ಈಗ ಜರಾ ಜೋರಾಗಿ. "ಏ ಶೋಭಾ, ಸೆರಗು ಸರಿ ಮಾಡ್ಕೋ. ನಾಕು ಮಂದ್ಯಾಗ ಹೆಂಗ ಕುಂದರಬೇಕು ತಿಳೀದಿಲ್ಲೇನ ನಿನಗ? ಮುಂಜಾನಿಂದ ಒಂದು ತುತ್ತು ತಿಂದಿಲ್ಲ, ಮಾರಿ ನೋಡ್ಕೋ ಹೆಂಗಾಗೈತಿ. ಹಟಮಾರಿ. ನಿನ್ನಂಥಾ ಹಟಮಾರಿನ ಎಲ್ಲೂ ಕಾಣಲಿಲ್ಲ ನಾ. ಹದಿನೆಂಟು ವರ್ಷ ನನ್ನ ಜೀವ ತಿಂದಿ." ಬೈತಾ ಬೈತಾ ಆಕಿ ಕಣ್ಣಾಗ ನೀರು ಬಂತು, ಬಾಯಿ ಮಾತ್ರ ನಿಲ್ಲಲಿಲ್ಲ. ನನ್ನ ರಟ್ಟಿ ಹಿಡಿದು ಎಳೆದು ಎದಿಗೆ ಒತ್ತಿಕೊಂಡ್ಲು, ಬೆನ್ನಿಗೆ ಒಂದು ಗುದ್ದಿದ್ಲು, ಮತ್ತ ಒತ್ತಿಕೊಂಡ್ಲು. ಬಳಿ ಎರಡು ಒಡೆದುವು.

ಆ ಮನಿ ಮಂದಿಗೆ ಏನೂ ತಿಳೀಲಿಲ್ಲ. ಮದುವಿ ದಿನ ಮಗಳಿಗೆ ಹಿಂಗ ಬೈತಾರೇನ್ರಿ ಅಂತ ಅತ್ತಿ ಮೂಗಿನ ಮ್ಯಾಲೆ ಬೆರಳಿಟ್ಟಳು. ನಮ್ಮಪ್ಪ ಬಾಗಿಲದಾಗ ನಿಂತಾವ ಪಟಗಾ ಕೈಯಾಗ ತಗೊಂಡು ಹೊರಗ ಹೋದ. ಅವನ ಅವ್ವ ಎರಡನೇ ಸಲ ಹೋಗಿದ್ಲು, ಅವಗ ಅಳಾಕ ಹಕ್ಕಿತ್ತು. ನಾನು ಮೂಗು ಒರಿಸಿಕೊಂಡು, ಅರಿಶಿಣ ಕೊಂಬು ತಗೊಂಡು, ಅಕ್ಕಿ ಮ್ಯಾಲೆ ಶೋಭಾ ಅಂತ ಬರೆದೆ. ಅಕ್ಷರ ಸೊಟ್ಟ ಬಂದುವು. ಅವ್ವ ಹಿಂದಿನಿಂದ ಬಗ್ಗಿ, "ಶೋಭಾ, ನೆಟ್ಟಗ ಬರಿಯೇ ಕತ್ತಿ" ಅಂದ್ಲು. ಬರಿತೇನಬೇ ಅಂದೆ.